ಗಾಳಿ ಬಿಡಿಸುವ ಪಂಪ್ ಸಾಬ್ರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಯಲ್ಲಾಪುರದ ಪಂಪ್ ಸಾಬ್ರು ಹೋಗಿ ಎಂಟು ತಿಂಗಳಾಯಿತು. ಮಗಳ ಸಕ್ಕರೆ ಏರಿ ಇಳಿಯದೆ ಕೂತ ದಿನ ನನ್ನ ಕೈ ತಾನಾಗಿ ಫೋನಿಗೆ ಹೋಗುತ್ತದೆ, ಅವರ ನಂಬರಿನ ತನಕ ಹೋಗಿ ನಿಲ್ಲುತ್ತದೆ. ಆಗ ಸಿಟ್ಟು ಬರುತ್ತದೆ. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಪಾಲು ಅಷ್ಟು ಸಮನಾಗಿಲ್ಲ ಎಂಬುದು ನನಗೂ ಗೊತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಪಂಪ್ ಸಾಬ್ರು ಎಂಬ ಹೆಸರು ಬಂದದ್ದು ಅವರ ಕಸುಬಿನಿಂದ. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ಲಾರಿಗಳ ಡೀಸೆಲ್ ಪಂಪ್ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವಾಗ ಕರಿಹೊಗೆ ಕಾರಿ ಸುಸ್ತಾದ ಲಾರಿಗಳೆಲ್ಲ ಬಂದು ನಿಲ್ಲುತ್ತಿದ್ದದ್ದು ಆ ಶೆಡ್ಡಿನ ಮುಂದೆ. ಸಣ್ಣ ವಯಸ್ಸಿನಲ್ಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ದುಬೈಯಲ್ಲಿದ್ದ ಭಾವ ಇನ್ಸುಲಿನ್ ಪಂಪ್ ತಂದುಕೊಟ್ಟ ಮೇಲೆ ಅವರ ಸೊಂಟಕ್ಕೂ ಒಂದು ಪಂಪ್ ಬಂತು. "ಈಗ ಹೆಸರು ಕರೆಕ್ಟ್ ಫಿಟ್ ಆತು ನೋಡ್ರಿ" ಎಂದು ತಾವೇ ನಗುತ್ತಿದ್ದರು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತವರಾದ್ದರಿಂದ ಅವರ ಮಾತು ಅರ್ಧ ಆ ಕಡೆಯದು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇನ್ಸುಲಿನ್ ಪಂಪ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ. ಅದರೊಳಗೆ ಮದ್ದು. ಅಲ್ಲಿಂದ ಹೊರಡುವ ದಾರದಷ್ಟು ಸಣ್ಣ ಪೈಪು, ಪೈಪಿನ ತುದಿಗೆ ಒಂದು ಪ್ಲಾಸ್ಟರು, ಪ್ಲಾಸ್ಟರಿನ ಅಡಿಯಲ್ಲಿ ಚರ್ಮದೊಳಗೆ ಇಳಿದಿರುವ ಮೆದುವಾದ ನಳಿಕೆ. ಅದು ಅಕ್ಕಿಕಾಳಿನಷ್ಟು ಉದ್ದ ಇರುತ್ತದೆ. ಪ್ಲಾಸ್ಟರ್ ಅಂಟಿಸುವ ಜಾಗಕ್ಕೆ ಸೈಟ್ ಎನ್ನುತ್ತಾರೆ. ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಬೇಕು. ಯಂತ್ರ ಕೆಡುವುದು ಕಡಿಮೆ, ತೊಂದರೆ ಬರುವುದೆಲ್ಲ ಸೈಟಿನಲ್ಲಿ. ಅಲ್ಲಿ ಮದ್ದು ನಿಂತರೆ ಕೆಲವೇ ತಾಸಿನಲ್ಲಿ ಮಗು ಆಸ್ಪತ್ರೆ ಸೇರಬೇಕಾಗುತ್ತದೆ, ತಡವಾದರೆ ಜೀವಕ್ಕೇ ಬರುತ್ತದೆ. ನನ್ನ ಮಗಳು ಹತ್ತನೆಯ ವರ್ಷದಿಂದ ಆ ಅಕ್ಕಿಕಾಳಿನ ಭರವಸೆಯ ಮೇಲೆ ಬದುಕಿದ್ದಾಳೆ.

ನಾನು ಆಗ ಯಲ್ಲಾಪುರದಲ್ಲಿ ವಿಜ್ಞಾನದ ಟೀಚರ್. ನಮ್ಮ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಎನ್ನುತ್ತಾರೆ. ಮಗಳಿಗೆ ಹುಬ್ಬಳ್ಳಿಯ ಡಾಕ್ಟರು ಪಂಪ್ ಹಾಕಿ ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವಳು ನನ್ನದೇ ಶಾಲೆಯಲ್ಲಿ ಕೂತಲ್ಲೇ ನೀರು ನೀರು ಎನ್ನತೊಡಗಿದಳು. ಸಕ್ಕರೆ ನೋಡಿದರೆ ನಾನೂರು ದಾಟಿತ್ತು. ಬಟನ್ ಒತ್ತಿ ಮದ್ದು ಕೊಟ್ಟೆ, ಇಳಿಯಲಿಲ್ಲ. ಇನ್ನೊಮ್ಮೆ ಕೊಟ್ಟೆ, ಮತ್ತೂ ಏರಿತು. ಡಾಕ್ಟರ ಫೋನು ಹತ್ತಲಿಲ್ಲ. ಮಗಳ ಕೈ ಹಿಡಿದುಕೊಂಡು, ಹುಬ್ಬಳ್ಳಿ ಕಡೆ ಹೋಗುವ ಯಾವುದಾದರೂ ಗಾಡಿ ಸಿಕ್ಕೀತೇ ಎಂದು ಹೆದ್ದಾರಿಗೆ ಬಂದು ನಿಂತೆ. ನಿಂತದ್ದು ಅವರ ಶೆಡ್ಡಿನ ಮುಂದೆ.

"ಎಲ್ಲಿಗೆ ಅಕ್ಕೋರೇ, ಇಂಥ ಬಿಸಿಲಾಗ?" ಎಂದರು ಲಾರಿಯ ಅಡಿಯಿಂದ ಹೊರಬಂದವರು. ನಾನು ಹೇಳಿದೆ. ಅವರ ಕಣ್ಣು ಮಗಳ ಸೊಂಟದಲ್ಲಿದ್ದ ಪಂಪಿನ ಮೇಲೆ ನಿಂತಿತು. ತಮ್ಮ ಅಂಗಿಯ ಅಂಚು ಎತ್ತಿ ತೋರಿಸಿದರು. ಅಂಥದ್ದೇ ಒಂದು ಪಂಪು. ಇಡೀ ತಾಲೂಕಿನಲ್ಲಿ ನನ್ನ ಮಗಳೊಬ್ಬಳೇ ಎಂದುಕೊಂಡಿದ್ದ ನನಗೆ ಕಣ್ಣಲ್ಲಿ ನೀರು ಬಂತು.

"ಮದ್ದು ಕೊಟ್ಟೀರೇನು?"

"ಎರಡು ಸಲ ಕೊಟ್ಟೆ. ಕೊಟ್ಟಾಯ್ತು ಅಂತ ಪಂಪಲ್ಲೂ ಬಂದಿದೆ."

"ಪಂಪ್ ಕೊಟ್ಟೆ ಅಂತದ ಅಕ್ಕೋರೇ. ತಗೊಂಡೆ ಅಂತ ಮೈ ಹೇಳಬೇಕಲ್ರೀ."

ಸೋಪಿನ ಪುಡಿ ಹಾಕಿ ಮೂರು ಸಲ ಕೈ ತೊಳೆದರು. ಆಮೇಲೆ ನನ್ನನ್ನಲ್ಲ, ಮಗಳನ್ನು ಕೇಳಿದರು: "ಬೇಟಾ, ನಾ ಸ್ವಲ್ಪ ಮೂಸಿ ನೋಡ್ಲೇನು?" ಸೈಟ್ ಅವಳ ತೋಳಿನ ಮೇಲಿತ್ತು. ಬಗ್ಗಿ ಮೂಸಿದರು. ಹಿಂದಿನ ಮನೆಯಿಂದ ನೀರು ತಂದ ಹೆಂಡತಿಗೆ "ನೀನೂ ನೋಡು" ಎಂದರು. ಆಕೆ ಮೂಸಿ ತಲೆಯಾಡಿಸಿದರು. ನನಗೂ ಮೂಸಲು ಹೇಳಿದರು. ಆಸ್ಪತ್ರೆಯ ಬಾಗಿಲಲ್ಲಿ ಬರುವಂಥ ವಾಸನೆ. ಪ್ಲಾಸ್ಟರಿನ ಅಂಚು ಒದ್ದೆಯಾಗಿತ್ತು. ಬೆವರು ಎಂದು ನಾನು ಬೆಳಿಗ್ಗೆಯಿಂದ ಒರೆಸುತ್ತ ಬಂದಿದ್ದೆ. ಅದು ಬೆವರಲ್ಲ, ಇನ್ಸುಲಿನ್ನು. ನಾನು ಕೊಟ್ಟದ್ದೆಲ್ಲ ಚರ್ಮದ ಹೊರಗೆ ಸೋರಿತ್ತು.

"ಲೀಕ್" ಎಂದರು ಅವರು, ಲಾರಿ ಡ್ರೈವರನಿಗೆ ಹೇಳುವ ದನಿಯಲ್ಲೇ. "ಇನ್ನು ಪಂಪ್ ನಂಬಬ್ಯಾಡ್ರಿ. ಇನ್ಸುಲಿನ್ ಪೆನ್ ಐತೇನು? ಚುಚ್ಚ್ರಿ." ಪೆನ್ನಿನ ಸೂಜಿ ಸಿಕ್ಕಿಸಲು ಎರಡು ಸಲ ತಪ್ಪಿದೆ. ಅವರ ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡರು, ನಾನು ಚುಚ್ಚಿದೆ. ಪೈಪು, ಪ್ಲಾಸ್ಟರು ಹೊಸದು ಹಾಕಿದೆವು. ಅವರು ತಮ್ಮ ಡಬ್ಬಿಯಿಂದ ಕೀಟೋನ್ ನೋಡುವ ಪಟ್ಟಿ ತೆಗೆದುಕೊಟ್ಟರು. ಮೂತ್ರಕ್ಕೆ ಅದ್ದಿದರೆ ಅದು ನೇರಳೆಗೆ ತಿರುಗಿತು, ಮದ್ದಿಲ್ಲದೆ ರಕ್ತ ಹುಳಿಯಾಗುತ್ತಿದೆ ಎಂಬ ಗುರುತು. ಅಷ್ಟು ಹೊತ್ತಿಗೆ ಮಗಳು ಒಂದು ಸಲ ವಾಂತಿಯನ್ನೂ ಮಾಡಿಕೊಂಡಳು. ಅವರು ಒಂದು ಕಾರನ್ನು ನಿಲ್ಲಿಸಿ ನಮ್ಮನ್ನು ಹತ್ತಿಸಿದರು. "ಸಕ್ಕರೆ ಇಳದ್ರೂ ವಾಪಸ್ ಬರಬ್ಯಾಡ್ರಿ, ಆಸ್ಪತ್ರೆಗೇ ಹೋಗ್ರಿ. ಪೈಪ್ ನಾ ನೋಡ್ತೀನಿ. ಎಂಜಿನ್ ನೋಡೂದು ಡಾಕ್ಟ್ರ ಕೆಲಸ" ಎಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದೆವು. ಇನ್ನೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಾಗ ನನಗೆ ನೆನಪಾದದ್ದು ದೇವರಲ್ಲ, ಆ ಮಸಿ ಹಿಡಿದ ಮೂಗು.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಅವರ ಶೆಡ್ಡು ನಮಗೆ ಶಾಲೆಯಾಯಿತು. ವಿಜ್ಞಾನದ ಅಕ್ಕೋರು ಹಳೆ ಟಯರಿನ ಮೇಲೆ ಕೂತು ಪಾಠ ಹೇಳಿಸಿಕೊಂಡರು. ಅವರ ಪಾಠ ಸರಳ: ಮೊದಲು ಮೂಗು, ಆಮೇಲೆ ಬೆರಳು, ಆಮೇಲೆ ಕಣ್ಣು. ಮೂಗಿಗೆ ಮದ್ದಿನ ವಾಸನೆ ಬಂದರೆ ಸೋರಿಕೆ. ಬೆರಳಿಗೆ ಬಿಸಿ, ಗಂಟು, ಒದ್ದೆ ತಾಗಿದರೆ ಆ ಜಾಗ ಬಿಡಬೇಕು. ಕಣ್ಣಿಗೆ ಪೈಪಿನಲ್ಲಿ ರಕ್ತವೋ ಗುಳ್ಳೆಯೋ ಮಡಿಕೆಯೋ ಕಂಡರೆ ಅಲ್ಲೇ ಉತ್ತರ. ಏನೂ ಕಾಣದಿದ್ದರೂ ಸಕ್ಕರೆ ಎರಡು ಸಲ ಮೇಲೇ ಬಂದರೆ ಯೋಚನೆ ಮಾಡುತ್ತ ಕೂರಬಾರದು. ಪೆನ್ನಿನಲ್ಲಿ ಚುಚ್ಚಿಕೊಳ್ಳಬೇಕು, ಸೈಟ್ ಹೊಸದಾಗಿ ಹಾಕಬೇಕು, ನೀರು ಕುಡಿಯಬೇಕು, ಎರಡು ತಾಸು ನೋಡಬೇಕು. "ಎರಡು ತಾಸು. ಅಷ್ಟರಾಗ ಇಳೀಲಿಲ್ಲ, ಇಲ್ಲಾ ವಾಂತಿ ಬಂತು ಅಂದ್ರ ಗಾಡಿ ಹತ್ರಿ." ಇದನ್ನು ಮಗಳಿಂದ ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದರು.

ಎಂಜಿನ್ ಪರೀಕ್ಷೆ ಮಾಡುವಾಗ ಅವರದೊಂದು ರೀತಿಯಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಎಷ್ಟನೆಯ ಸಿಲಿಂಡರು ಸೋಮಾರಿ ಎಂದು ಅಲ್ಲೇ ಹೇಳುತ್ತಿದ್ದರು. ಮಗಳ ಪಂಪನ್ನೂ ಒಮ್ಮೊಮ್ಮೆ ಹಾಗೆಯೇ ಕಿವಿಗೆ ಹಿಡಿದು, ಅದು ಮದ್ದು ತಳ್ಳುವ ಸಣ್ಣ ಟಿಕ್ ಸದ್ದು ಕೇಳಿ, "ಗಾಡಿ ಚಲೋ ಐತಿ" ಎನ್ನುತ್ತಿದ್ದರು. ಅದರಿಂದ ಏನೂ ತಿಳಿಯುವುದಿಲ್ಲ ಎಂದು ನನಗೂ ಅವರಿಗೂ ಗೊತ್ತಿತ್ತು. ಮಗಳಿಗೆ ಮಾತ್ರ ಅದು ಬೇಕಿತ್ತು.

ಸೈಟ್ ಎಲ್ಲೆಲ್ಲಿ ಹಾಕಬೇಕು ಎಂದು ಅವಳ ನೋಟ್‌ಬುಕ್ಕಿನಲ್ಲಿ ಹೊಟ್ಟೆಯ ಚಿತ್ರ ಬರೆದುಕೊಟ್ಟಿದ್ದರು. ಹೊಕ್ಕುಳು ಯಲ್ಲಾಪುರ. ಅದರ ಸುತ್ತ ಎರಡು ಬೆರಳು ನೋ ಪಾರ್ಕಿಂಗ್. ಬಲಕ್ಕೆ ಶಿರಸಿ, ಎಡಕ್ಕೆ ಹುಬ್ಬಳ್ಳಿ, ಕೆಳಗೆ ಬಲಕ್ಕೆ ಸಿದ್ದಾಪುರ, ಕೆಳಗೆ ಎಡಕ್ಕೆ ಅಂಕೋಲಾ. ದಿಕ್ಕು ಸರಿಯಿಲ್ಲ ಎಂದು ನಾನು ತಕರಾರು ತೆಗೆದರೆ, "ನಿಮ್ಮ ನಕಾಶಿ ಗೋಡಿಗೆ, ನಮ್ಮ ನಕಾಶಿ ಹೊಟ್ಟಿಗೆ" ಎಂದುಬಿಟ್ಟರು. ಇವತ್ತಿಗೂ ನಮ್ಮ ಮನೆಯಲ್ಲಿ "ಈ ಸಲ ಎಲ್ಲಿಗೆ?" ಎಂದರೆ "ಅಂಕೋಲಾಕ್ಕೆ" ಎಂದು ಉತ್ತರ ಬರುತ್ತದೆ.

ನಾಲ್ಕು ವರ್ಷದ ಮೇಲೆ ನನಗೆ ಸಿದ್ದಾಪುರದ ಬಿಳಗಿ ಕಡೆಯ ಹೈಸ್ಕೂಲಿಗೆ ವರ್ಗವಾಯಿತು. ಯಜಮಾನರ ಕೆಲಸ ಶಿರಸಿಯಲ್ಲಿ. ಶಿರಸಿ ಹತ್ತಿರದ ಇಸಳೂರಿನಲ್ಲಿ ಮನೆ ಕಟ್ಟಿಕೊಂಡೆವು. ಪಾಠ ಫೋನಿಗೆ ಬಂತು. ಇಸಳೂರಿನಲ್ಲಿ ಸೈಟ್ ಎಂದರೆ ಮನೆ ಕಟ್ಟುವ ಜಾಗ, ಬೇರೆ ಅರ್ಥವಿಲ್ಲ. ನಾನು ಅಂಗಳದಲ್ಲಿ ನಿಂತು "ಈ ಸೈಟ್ ಸರಿಯಿಲ್ಲ, ಇವತ್ತೇ ಬದಲಿಸ್ತೇನೆ" ಎಂದು ಫೋನಿನಲ್ಲಿ ಕೂಗಿದ್ದನ್ನು ಕೇಳಿ ಪಕ್ಕದ ಮನೆಯವರು ಸಂಜೆ ಬಂದು, "ಏನು, ಮಾರಾಟಕ್ಕೆ ಹಾಕಿದ್ರಾ?" ಎಂದು ವಿಚಾರಿಸಿದ್ದರು. ಸಾಬ್ರಿಗೆ ಹೇಳಿದರೆ ಅವರು ನಕ್ಕು ನಕ್ಕು ಕೆಮ್ಮಿದರು.

ಆದರೆ ಗಾಳಿಯ ಪ್ರಸಂಗದ ಮುಂದೆ ಅದು ಏನೂ ಅಲ್ಲ. ಅತ್ತೆಯವರು ಊರಿನಿಂದ ಬಂದಿದ್ದರು. ಬೆಳಿಗ್ಗೆ ಮಗಳ ಸಕ್ಕರೆ ಏರತೊಡಗಿತು. ನಾನು ಸಾಬ್ರಿಗೆ ಫೋನ್ ಮಾಡಿ, ಕೈ ಖಾಲಿಯಿಲ್ಲದ್ದಕ್ಕೆ ಸ್ಪೀಕರಿಗೆ ಹಾಕಿದ್ದೆ.

"ಪೈಪ್ ಬೆಳಕಿಗೆ ಹಿಡೀರಿ. ಏನ್ ಕಾಣತೈತಿ?"

"ಸಾಲು ಗುಳ್ಳೆ ಇದೆ."

"ಮತ್ತೇನು, ಗಾಳಿ ಹಿಡದೈತಿ. ಗಾಳಿ ಬಿಡಿಸ್ರಿ, ಎಲ್ಲಾ ಸರಿ ಆಗತೈತಿ."

ಲಾರಿಯ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಎಂಜಿನ್ ನಿಲ್ಲುತ್ತದೆ, ಆ ಗಾಳಿ ಬಿಡಿಸಬೇಕು. ಇನ್ಸುಲಿನ್ ಪೈಪಿನದೂ ಅದೇ ಕತೆ. ಆದರೆ ನಮ್ಮ ಕಡೆ ಮಕ್ಕಳಿಗೆ ಗಾಳಿ ಹಿಡಿಯುವುದು ಎಂದರೆ ಬೇರೆ, ದೆವ್ವ ಮೆಟ್ಟುವುದು. ಅತ್ತೆ ಒಳಗಿನಿಂದ ಬಂದವರೇ, "ಆನು ಹೇಳ್ತಾನೇ ಇದ್ದೆ, ಕೂಸಿಗೆ ಗಾಳಿ ತಾಗಿದ್ದು ಹೇಳಿ. ಯನ್ನ ಮಾತು ಯಾರು ಕೇಳ್ತ? ಈಗ ನಿಂಗಳ ಸಾಬನೇ ಹೇಳಿದ್ನಲೇ" ಎಂದರು. ನಾನು ಪೈಪನ್ನು ಮಗಳ ಮೈಯಿಂದ ಬಿಚ್ಚಿ ಗುಳ್ಳೆ ಹೊರಗೆ ಹಾಯಿಸಿ ಮತ್ತೆ ಜೋಡಿಸುವಷ್ಟರಲ್ಲಿ ಅವರು ಪಕ್ಕದ ಮನೆಯವರ ಬೈಕಿನ ಹಿಂದೆ ಕೂತು ಮಂತ್ರದವರಲ್ಲಿಗೆ ಹೋಗಿಯಾಗಿತ್ತು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಬಂದು, ಕರಿದಾರದ ತಾಯಿತವನ್ನು ಮೊಮ್ಮಗಳ ತೋಳಿಗೆ ಬಿಗಿದರು. ಪ್ಲಾಸ್ಟರು ಇದ್ದ ತೋಳಿಗೇ, ಪೈಪಿನ ಮೇಲೇ. ಸ್ವಲ್ಪ ಹೊತ್ತಿಗೆ ಪಂಪು ಕಿರಿಚಿಕೊಳ್ಳತೊಡಗಿತು. ನನಗೆ ಸಿಟ್ಟು ಬಂದರೆ ಬಾಯಿಗೆ ಬಾಗಿಲಿಲ್ಲ. ಅತ್ತೆಯವರನ್ನು ಅಳಿಸಿದೆ.

ಸಾಬ್ರು ಮತ್ತೆ ಫೋನಿಗೆ ಬಂದರು. ನಡೆದದ್ದು ಕೇಳಿ, "ಫೋನ್ ಅಮ್ಮಗ ಕೊಡ್ರಿ" ಎಂದರು. "ಅಮ್ಮಾ, ನಿಮ್ಮ ಗಾಳಿ ಬ್ಯಾರೆ, ನಮ್ಮ ಗಾಳಿ ಬ್ಯಾರೆ. ಎರಡೂ ಹೋಗ್ಲಿ. ತಾಯಿತ ಆ ತೋಳಿಗೆ ಕಟ್ರಿ, ಈ ತೋಳು ನಂಗ ಬಿಡ್ರಿ." ಅತ್ತೆ ಕಣ್ಣೊರೆಸಿಕೊಂಡು ಹಾಗೇ ಮಾಡಿದರು. ಅಂದಿನಿಂದ ಊರಿನಿಂದ ಫೋನ್ ಮಾಡಿದಾಗೆಲ್ಲ "ಗಾಳಿ ಬಿಡಿಸೋ ಸಾಬ ಹ್ಯಾಂಗಿದ್ದ?" ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ನಾನು ಇಪ್ಪತ್ತು ವರ್ಷ ವಿಜ್ಞಾನ ಹೇಳಿ ಆಗದ್ದು ಅವರಿಗೆ ಒಂದು ಫೋನಿನಲ್ಲಿ ಆಯಿತು.

ಇಷ್ಟೆಲ್ಲ ಹೇಳಿಕೊಟ್ಟವರು ತಮ್ಮ ಮೈಯನ್ನು ನೋಡಿಕೊಂಡರೇ ಎಂದರೆ, ಇಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬಲಗೈಗೆ ಸುಲಭ ಎಂದು ವರ್ಷಗಟ್ಟಲೆ ಹೊಟ್ಟೆಯ ಎಡಗಡೆಯ ಒಂದೇ ಜಾಗಕ್ಕೆ ಸೈಟ್ ಹಾಕಿಕೊಂಡಿದ್ದರು. ಅಲ್ಲಿ ಚರ್ಮದಡಿ ಲಿಂಬೆಹಣ್ಣಿನಷ್ಟು ಗಂಟು. ಅಂಥ ಕಡೆ ಮೈ ಮದ್ದನ್ನು ಸರಿಯಾಗಿ ಹೀರುವುದಿಲ್ಲ ಎಂದು ಹೇಳಿಕೊಟ್ಟವರೇ ಅವರು. ಮಗಳು ಒಂದು ದಿನ ಅಂಗಿಯ ಮೇಲಿಂದಲೇ ಆ ಉಬ್ಬು ಕಂಡು ಹಿಡಿದಳು. "ಚಾಚಾ, ನೀವು ಯಾವಾಗಲೂ ಹುಬ್ಬಳ್ಳಿಗೇ ಹೋಗ್ತೀರಿ!" ಎಂದು ಜಗಳಕ್ಕೆ ನಿಂತಳು. ಅವರು ಕಿವಿ ಹಿಡಿದುಕೊಂಡು ತಪ್ಪ್ಯಾತು ಎಂದರು. ರಂಜಾನಿನಲ್ಲಿ ಉಪವಾಸ ಹಿಡಿಯಲಾಗದ್ದು ಅವರಿಗೆ ದೊಡ್ಡ ಸಂಕಟ. ಸಕ್ಕರೆ ಇಳಿದಾಗ ಲಾರಿಯ ಹಿಂದೆ ನಿಂತು ಬಿಸ್ಕಿಟ್ ತಿನ್ನುತ್ತಿದ್ದರು. "ಅಲ್ಲಾಗ ಗೊತ್ತೈತಿ ಅಕ್ಕೋರೇ, ಡ್ರೈವರ್‌ಗಳಿಗೆ ಗೊತ್ತಾಗೂದು ಬ್ಯಾಡ" ಎಂದು ಒಮ್ಮೆ ನನ್ನ ಮುಂದೆ ತಲೆ ತಗ್ಗಿಸಿದ್ದರು.

ಕೊನೆಯ ವರ್ಷ ಒಂದು ಸಂಗತಿ ನಡೆಯಿತು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಅವರು ಬರಿಗಾಲು ಇಟ್ಟುಕೊಂಡೇ ಕೆಲಸ ಮಾಡಿದ್ದರು. ಗೊತ್ತೇ ಆಗಿರಲಿಲ್ಲ. ಸುಟ್ಟ ವಾಸನೆ ಬಂದು ಹೆಂಡತಿ ಓಡಿಬಂದು ನೋಡಿದರೆ ಅಂಗಾಲು ಬೊಬ್ಬೆ ಎದ್ದಿತ್ತು. ನಾವು ನೋಡಲು ಹೋದಾಗ ಬ್ಯಾಂಡೇಜಿನ ಕಾಲು ತೋರಿಸಿ, "ವಾಯರಿಂಗ್ ಹೋಗೇತ್ರಿ, ಸಿಗ್ನಲ್ ಬರೂದಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಹತ್ತನೆಯ ತರಗತಿಗೆ ನರಮಂಡಲದ ಪಾಠ ಮಾಡುವವಳು ನಾನು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ತಿನ್ನುತ್ತದೆ, ಕಾಲಿನ ನರ ತಿಂದದ್ದು ಬೇರೆ ಕಡೆಯದನ್ನು ಬಿಟ್ಟಿರಲಾರದು ಎಂದು ನನಗೆ ಹೊಳೆಯಬೇಕಿತ್ತು.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಅವರ ಫೋನು ಬಂತು. ಅವರಾಗಿ ಫೋನ್ ಮಾಡಿದ್ದು ಅಪರೂಪ.

"ಅಕ್ಕೋರೇ, ಒಂದು ಹಳೇ ಗಾಡಿ ರಿಪೇರಿಗೆ ಬಂದೈತಿ. ನಂದೇ." ದನಿ ಸಣ್ಣದಾಗಿತ್ತು. "ಮುಂಜಾನಿಯಿಂದ ಶುಗರ್ ಮ್ಯಾಲೇ ಐತಿ. ಸೈಟ್ ಬದಲಿ ಮಾಡ್ದೆ, ಇಳೀಲಿಲ್ಲ. ಮತ್ತ ಬದಲಿ ಮಾಡ್ದೆ. ಮೈಯೆಲ್ಲ ಬೆವರು, ಹೊಟ್ಟಿ ತೊಳಸ್ತೈತಿ. ನಾಕು ಹೆಜ್ಜಿ ನಡದ್ರ ದಮ್ಮು ಹತ್ತತೈತಿ."

"ನೋವು ಏನಾದ್ರೂ ಇದೆಯಾ?"

"ನೋವು ಗೀವು ಏನಿಲ್ಲ."

ನೋವಿಲ್ಲ ಎಂದ ಮೇಲೆ ನನಗೆ ಧೈರ್ಯ ಬಂತು. ಗುರುವೇ ಶಿಷ್ಯೆಯನ್ನು ಕೇಳುತ್ತಿದ್ದಾರೆ ಎಂದು ಒಳಗೊಳಗೇ ಹಿಗ್ಗೂ ಬಂತು. ವಾಸನೆ ಇದೆಯಾ ಎಂದೆ. ಇಲ್ಲ. ಬೆರಳಿಗೆ ಗಂಟು ಸಿಗುತ್ತದಾ? ಈ ಸಲ ಬಲಗಡೆ ಹಾಕೀನಿ, ಗಂಟಿಲ್ಲ. ಪೈಪಿನಲ್ಲಿ ಗುಳ್ಳೆ? ಇಲ್ಲ. ಇನ್ಸುಲಿನ್ ಬಾಟಲಿ ಎಲ್ಲಿಟ್ಟಿದ್ದಿರಿ? ಶೆಡ್ಡಿನಾಗ.

"ಸಿಕ್ಕಿತು ನೋಡಿ. ತಗಡಿನ ಶೆಡ್ಡು, ಈ ಬಿಸಿಲು. ಮದ್ದೇ ಕೆಟ್ಟಿದೆ. ಫ್ರಿಜ್ಜಿಂದ ಹೊಸ ಬಾಟಲಿ ತೆಗೀರಿ, ಪೆನ್ನಲ್ಲಿ ಚುಚ್ಚಿಕೊಳ್ಳಿ, ಹೊಸ ಸೈಟ್ ಹಾಕಿ, ನೀರು ಕುಡೀರಿ. ಎರಡು ತಾಸು ಮಲಗಿ. ಆಮೇಲೆ ನೋಡುವಾ."

ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಆಮೇಲೆ, "ಶಾಬಾಸ್ ಅಕ್ಕೋರೇ. ಪಾಸ್ ಆದ್ರಿ" ಎಂದು ನಕ್ಕರು.

ನಾನು ತರಗತಿಗೆ ಹೋದೆ. ಆ ದಿನ ಪಾಠ ಬಹಳ ಚೆನ್ನಾಗಿ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಪೈಪು ಬೇರೆ, ಎಂಜಿನ್ ಬೇರೆ ಎಂದು ಮೊದಲ ದಿನವೇ ಹೇಳಿದ್ದವರು ಅವರು. ಬೆವರು, ದಮ್ಮು, ಹೊಟ್ಟೆ ತೊಳಸುವುದು ಎಂದು ಬೇರೆ ಯಾರೇ ಹೇಳಿದ್ದರೂ ನಾನು "ಮೊದಲು ಆಸ್ಪತ್ರೆಗೆ ಹೋಗಿ" ಎನ್ನುತ್ತಿದ್ದೆ. ಅವರು ಹೇಳಿದ್ದರಿಂದ ಸೈಟ್ ಕೇಳಿದೆ. ಅವರಿಗೂ ಅಷ್ಟೇ, ಪಂಪಿನವರಾದ್ದರಿಂದ ಕಂಡದ್ದು ಪಂಪು ಮಾತ್ರ.

ಸಂಜೆ ಬಸ್ಸಿನಲ್ಲಿರುವಾಗ ಅವರ ತಮ್ಮ ಫೋನ್ ಮಾಡಿದರು, ಲಾರಿ ಓಡಿಸುವವರು. "ಅಣ್ಣ ಹೋದ್ರು" ಎಂದರು. ಡಾಕ್ಟರು ಬಂದು ಹಾರ್ಟ್ ಅಂದರಂತೆ. ಇಷ್ಟು ಹಳೆಯ ಸಕ್ಕರೆ ಕಾಯಿಲೆಯವರಿಗೆ ನೋವೇ ಬಾರದೆ ಹೃದಯ ಕೈಕೊಡುವುದುಂಟು, ಹೃದಯಕ್ಕೆ ಪೆಟ್ಟು ಬಿದ್ದಾಗ ಸಕ್ಕರೆಯೂ ಏರುತ್ತದೆ ಎಂದರಂತೆ. ಆಮೇಲೆ ಅವರೇ ಇನ್ನೊಂದು ಮಾತು ಕೇಳಿದರು: "ಅದು ಸೊಂಟದಾಗ ಇನ್ನೂ ನಡದೈತಿ ಅಕ್ಕೋರೇ. ಆವಾಗಾವಾಗ ಕೂಗತೈತಿ. ಮುಂಜಾನೆ ಮೈ ತೊಳೀಬೇಕು. ಹೆಂಗ ಬಂದ್ ಮಾಡೂದು?"

ಬೆಳಿಗ್ಗೆ ಬಂದೇ ಹೇಳುತ್ತೇನೆ ಎಂದು ಫೋನಿಟ್ಟು, ಮರುದಿನ ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋದೆ. ಮೈ ತೊಳೆಯುವ ಕಡೆ ಗಂಡಸರು ಮಾತ್ರ ಇದ್ದರು, ನಡುವೆ ಒಂದು ಪರದೆ. ಯಾವ ಬಟನ್ ಎಂದು ಹೇಳಹೋಗಿ ನಾನು ತಪ್ಪಿದೆ. "ಆಯಿ, ನೀ ಸುಮ್ನಿರು. ಆನು ಹೇಳ್ತೆ" ಎಂದು ಮಗಳು ಪರದೆಯ ಹತ್ತಿರ ಹೋಗಿ ನಿಂತಳು. ಅವಳಿಗೆ ಹದಿನಾರು ತುಂಬಿರಲಿಲ್ಲ.

"ಅಂಕಲ್, ನಡುವಿನ ಬಟನ್ ಒತ್ತಿ ಹಿಡೀರಿ. ನಿಲ್ಲಿಸಬೇಕಾ ಅಂತ ಕೇಳ್ತದೆ. ಹೌದು ಅನ್ನಿ. ನಿಂತಿತಾ? ಈಗ ಪೈಪ್ ತಿರುಗಿಸಿ ಬಿಚ್ಚಿ. ಇನ್ನು ಪ್ಲಾಸ್ಟರ್. ಒಂದೇ ಸಲ ಎಳೀಬೇಡಿ, ಅಂಚಿಂದ ನಿಧಾನ ಎತ್ತಿ, ಇಲ್ಲದಿದ್ರೆ ಅವರಿಗೆ..." ಎಂದು ನಿಲ್ಲಿಸಿದಳು.

"ತೆಗದೆ ಬೇಟಾ" ಎಂದರು ಪರದೆಯಾಚೆಯಿಂದ ಸಾಬ್ರ ತಮ್ಮ.

ತೆಗೆದ ನಳಿಕೆಯನ್ನು ನೋಡದೆ ಎಸೆಯಬಾರದು, ಮಡಚಿದ್ದರೆ ಮದ್ದು ಒಳಗೆ ಹೋಗಿರುವುದಿಲ್ಲ. ಇದನ್ನೂ ಅವಳಿಗೆ ಕಲಿಸಿದ್ದು ಅವರೇ. ಅವಳು ಅಭ್ಯಾಸಬಲದಿಂದ ಕೇಳಿಬಿಟ್ಟಳು: "ನಳಿಕೆ ಮಡಚಿದೆಯಾ ಅಂಕಲ್?"

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿರಬೇಕು. "ಇಲ್ಲವಾ. ನೆಟ್ಟಗ ಐತಿ."

ಮಗಳು ನನ್ನ ಕಡೆ ತಿರುಗಿ, "ಆಯಿ, ಸೈಟ್ ಸರಿ ಇತ್ತು" ಎಂದಳು. ನಾನು ಅವರಿಗೆ ಏನು ಹೇಳಿದ್ದೆ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಒಳಕೋಣೆಯಲ್ಲಿ ಹೆಂಗಸರ ನಡುವೆ ಅವರ ಹೆಂಡತಿ ಕೂತಿದ್ದರು. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದರು, ಅಂದು ಮಗಳಿಗೆ ಚುಚ್ಚುವಾಗ ಹಿಡಿದ ಹಾಗೆಯೇ ನನ್ನ ಮಣಿಕಟ್ಟು ಹಿಡಿದುಕೊಂಡರು. "ನಿಮ್ಮ ಜೋಡಿ ಮಾತಾಡಿದ ಮ್ಯಾಲೆ ಅವ್ರಿಗೆ ಸಮಾಧಾನ ಆತ್ರಿ" ಎಂದರು. "ಅಕ್ಕೋರು ಎರಡು ತಾಸು ಅಂದಾರ, ಬರೋಬ್ಬರಿ ಎರಡು ತಾಸಿಗೆ ಎಬ್ಬಸು ಅಂತ ಹೇಳಿ ಮಲಗಿದ್ರು. ನಾನು ಅಲ್ಲೇ ಗಡಿಯಾರ ನೋಡ್ಕೋತ ಕುಂತಿದ್ದೆ. ನಿದ್ದಿ ಕೆಡಬಾರ್ದು ಅಂತ ಒಳಗ ಹೋಗ್ಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದರು: "ನಾ ಮೊದ್ಲೇ ಎಬ್ಬಿಸಬೇಕಿತ್ತೇನ್ರೀ ಅಕ್ಕೋರೇ? ನನ್ನ ತಪ್ಪಾತೇನು?"

"ಇಲ್ಲ, ನಿಮ್ಮ ತಪ್ಪಲ್ಲ" ಎಂದೆ.

ಹಾಗಾದರೆ ಯಾರದು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.